ಫಂಗಸ್ಸಿನ ಗೋಡೆಗೇ ಪೆಟ್ಟು

ಪ್ರಶ್ನೆ: ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತು-ಸುಣ್ಣದ ದ್ರಾವಣ) ಹೊಡೆಯುತ್ತೇವೆ. ಮನುಷ್ಯರ ಒಳಗೆ ಸೇರಿದ ಫಂಗಸ್‌ಗೆ ಮದ್ದು ಯಾಕೆ ಇಷ್ಟು ಕಡಿಮೆ, ಡಾಕ್ಟ್ರೇ?
– ಕೃಷಿಕ, ಬದಿಯಡ್ಕ

ಉತ್ತರ: ನಾನೂ ಪೆರ್ಲದ ಅಡಿಕೆ ತೋಟದಲ್ಲೇ ಬೆಳೆದವನು. ಬೋರ್ಡೋ ಮೆತ್ತಿ ನೀಲಿಯಾದ ಅಪ್ಪನ ಅಂಗಿ ಇನ್ನೂ ಕಣ್ಣಲ್ಲಿದೆ. ಅದನ್ನು ರಕ್ತಕ್ಕೆ ಹಾಕಲಾಗದು, ಅಲ್ವಾ? ಫಂಗಸ್‌ನ ಜೀವಕೋಶ ನಮ್ಮದಕ್ಕೆ ಹತ್ತಿರದ ನೆಂಟ. ಅದಕ್ಕೆ ಕೊಟ್ಟ ಪೆಟ್ಟು ನಮಗೂ ತಾಗುತ್ತದೆ. ಆದರೆ ಅದಕ್ಕೆ ಗೋಡೆ ಇದೆ, ನಮಗಿಲ್ಲ. ಆ ಗೋಡೆಯ ಗ್ಲೂಕಾನ್ ಎಂಬ ಸಕ್ಕರೆಯ ಸರಪಳಿಯನ್ನು ಕಟ್ಟುವ ಕಿಣ್ವವನ್ನು ಕ್ಯಾಸ್ಪೋಫಂಜಿನ್ ಎಂಬ ಮದ್ದು ತಡೆಯುತ್ತದೆ. ಅಮೆರಿಕದಲ್ಲಿ 2001ರಲ್ಲಿ ಒಪ್ಪಿಗೆ ಸಿಕ್ಕಿತು. ಕಷ್ಟ ಏನೆಂದರೆ ದಿನಾ ಡ್ರಿಪ್‌ನಲ್ಲೇ ಕೊಡಬೇಕು. 2023ರಲ್ಲಿ ಒಪ್ಪಿಗೆ ಪಡೆದ ಅದೇ ಗುಂಪಿನ ಮದ್ದು ರೆಜಾಫಂಜಿನ್ ವಾರಕ್ಕೊಮ್ಮೆ ಸಾಕು.

ಅಂದ ಹಾಗೆ, ಕೊಳೆರೋಗ ತರುವುದು ನಿಜವಾದ ಫಂಗಸ್ಸೇ ಅಲ್ಲ. ಅದರ ಗೋಡೆಯಲ್ಲಿ ಸೆಲ್ಯುಲೋಸ್ ಇದೆ, ಗಿಡಗಳ ಹಾಗೆ!