ಕಿವಿ ನಿಮಿರುವುದು ಬೇರೆ, ಕಲಿಯುವುದು ಬೇರೆ

ಕಳೆದ ಸಂಚಿಕೆಯ ಮಿದುಳಿನ ಲೇಖನ ಓದಿದ ಓದುಗರೊಬ್ಬರು ಕೇಳಿದ್ದಾರೆ: ‘ಸದ್ದಿನ ಜೊತೆ ಶಾಕ್ ಕೊಟ್ಟರೆ ಪ್ರಾಣಿಯ ಮಿದುಳಿನ ಶ್ರವಣ ಭಾಗವೇ ಬದಲಾಗುತ್ತದೆ ಎಂದಿರಿ. ಹೆದರಿದ ಪ್ರಾಣಿ ಯಾವ ಸದ್ದಿಗಾದರೂ ಕಿವಿ ನಿಮಿರಿಸುತ್ತದೆ. ಅದನ್ನೇ ಕಲಿಕೆ ಎನ್ನುತ್ತಿದ್ದೀರಾ?’

ಅನುಮಾನ ಸರಿಯಾದದ್ದೇ. 1956ರಲ್ಲೇ ಬೆಕ್ಕುಗಳಲ್ಲಿ ಕ್ಲಿಕ್ ಸದ್ದಿಗೆ ಶಾಕ್ ಜೋಡಿಸಿದಾಗ ಶ್ರವಣ ಭಾಗದ ಸ್ಪಂದನ ಹೆಚ್ಚಿತ್ತು. ಆದರೆ ಪರೀಕ್ಷಿಸಿದ್ದು ಒಂದೇ ಸದ್ದನ್ನು. ಬೇರೆ ಸದ್ದುಗಳಿಗೂ ಸ್ಪಂದನ ಹೆಚ್ಚಿತ್ತೇ ಎಂದು ಅದರಿಂದ ತಿಳಿಯುವಂತಿರಲಿಲ್ಲ.

ಈ ಗಂಟನ್ನು ಬಿಡಿಸಿದ್ದು 1990ರಲ್ಲಿ ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ ಬೇಕಿನ್ ಮತ್ತು ವೈನ್‌ಬರ್ಗರ್ ಗಿನಿಯಿಲಿಗಳ ಮೇಲೆ ಮಾಡಿದ ಪ್ರಯೋಗ. ಶ್ರವಣ ಭಾಗದ ಪ್ರತಿ ನರಕೋಶಕ್ಕೂ ಒಂದು ಮೆಚ್ಚಿನ ಆವರ್ತನ ಇರುತ್ತದೆ; ಕೋಶದ ಸ್ಪಂದನ ಶಿಖರ ಮುಟ್ಟುವುದು ಆ ಆವರ್ತನದ ಸ್ವರಕ್ಕೆ. ಮೊದಲು ಹಲವು ಆವರ್ತನಗಳ ಸ್ವರಗಳನ್ನು ಕೇಳಿಸಿ ಅದನ್ನು ಗುರುತಿಸಿಕೊಳ್ಳಬೇಕು. ತರಬೇತಿಗೆ ಬೇಕೆಂದೇ ಬೇರೊಂದು ಆವರ್ತನ ಆರಿಸಬೇಕು. ಮೆಚ್ಚಿನದನ್ನೇ ಆರಿಸಿದರೆ ಶಿಖರ ಸರಿದದ್ದು ಕಾಣುವುದೇ ಇಲ್ಲ. ಆ ಸ್ವರ ಕೇಳಿಸಿ ಕಾಲಿಗೆ ಸಣ್ಣ ಶಾಕ್, ಹೀಗೆ 30 ಸಲ. ಮತ್ತೆ ಮೊದಲಿನ ಸ್ವರಗಳನ್ನೆಲ್ಲ ಕೇಳಿಸಿ ಅಳೆಯುವುದು. ನಡುವೆ ಸ್ಪಂದನ ಅಳೆಯಲು ಮಿದುಳಿಗೆ ಇಳಿಸಿದ ಎಲೆಕ್ಟ್ರೋಡ್ ಕೂದಲೆಳೆಯಷ್ಟು ಜರುಗಿದರೂ ಅಳೆಯುತ್ತಿರುವುದು ಪಕ್ಕದ ನರಕೋಶವನ್ನಾಗಿರಬಹುದು, ಶ್ರಮವೆಲ್ಲ ವ್ಯರ್ಥ.

ಕಂಡದ್ದೇನು? ತರಬೇತಿಯ ಆವರ್ತನಕ್ಕೆ ಸ್ಪಂದನ ಏರಿತು, ಹಳೆಯ ಮೆಚ್ಚಿನದಕ್ಕೆ ಇಳಿಯಿತು. ಎಷ್ಟೋ ಕೋಶಗಳಲ್ಲಿ ಶಿಖರವೇ ಹೊಸ ಆವರ್ತನಕ್ಕೆ ಸರಿದಿತ್ತು. ಸ್ವರವನ್ನೂ ಶಾಕನ್ನೂ ಜೋಡಿಸದೆ ಬೇರೆ ಬೇರೆಯಾಗಿ ಕೊಟ್ಟಾಗ ಮಾತ್ರ ಎಲ್ಲ ಆವರ್ತನಗಳಿಗೂ ಸ್ಪಂದನ ಏರಿತು. ನೀವು ಹೇಳುವ ಕಿವಿ ನಿಮಿರುವುದು ಇದು. ಬರೀ ಎಚ್ಚರದಿಂದ ಒಂದು ಸ್ವರ ಏರಿ ಇನ್ನೊಂದು ಇಳಿಯಲಾರದು. ಮುಂದೆ ಎಚ್ಚರದಲ್ಲಿ ಕಲಿಸಿ, ಅರಿವಳಿಕೆ ಕೊಟ್ಟು ಅಳೆದಾಗಲೂ ಬದಲಾವಣೆ ಹಾಗೇ ಇತ್ತು, 8 ವಾರಗಳ ನಂತರವೂ. ಮಂಪರಿನಲ್ಲಿರುವ ಪ್ರಾಣಿಗೆ ಭಯವೆಲ್ಲಿಯದು?

ಶಾಕ್ ಈ ಕೆಲಸ ಮಾಡಿಸುವುದು ಬಹುಮಟ್ಟಿಗೆ ಅಸಿಟೈಲ್‌ಕೋಲಿನ್ ಎಂಬ ನರಗಳ ಸಂದೇಶವಾಹಕ ರಾಸಾಯನಿಕದ ಮೂಲಕ. ಅದನ್ನು ಶ್ರವಣ ಭಾಗಕ್ಕೆ ಹರಿಸುವ ನ್ಯೂಕ್ಲಿಯಸ್ ಬೇಸಾಲಿಸ್ ಎಂಬ ಮಿದುಳಿನ ಭಾಗಕ್ಕೆ ನೇರವಾಗಿ ವಿದ್ಯುತ್ ಕೊಟ್ಟು ಸ್ವರ ಜೋಡಿಸಿದರೂ ಸಾಕು, ಶಾಕ್ ಬೇಡ. ಅಸಿಟೈಲ್‌ಕೋಲಿನ್‌ನ ಕೆಲಸ ತಡೆಯುವ ಅಟ್ರೊಪಿನ್ ಔಷಧ ಹಾಕಿದರೆ ಆ ಬದಲಾವಣೆ ಆಗುವುದಿಲ್ಲ. 1998ರಲ್ಲಿ ಕಿಲ್ಗಾರ್ಡ್ ಮತ್ತು ಮರ್ಜೆನಿಕ್ ಹೀಗೆಯೇ ಇಲಿಗಳಿಗೆ ವಾರಗಟ್ಟಲೆ 9 ಕಿಲೋಹರ್ಟ್ಸ್ ಸ್ವರ ಕೇಳಿಸಿದಾಗ, ಶ್ರವಣ ನಕ್ಷೆಯಲ್ಲಿ, ಅಂದರೆ ಶ್ರವಣ ಭಾಗದಲ್ಲಿ ಯಾವ ಆವರ್ತನಕ್ಕೆ ಎಷ್ಟು ಜಾಗ ಎಂಬ ಹಂಚಿಕೆಯಲ್ಲಿ, ಆ ಸ್ವರದ ಪಾಲು ಹಿಗ್ಗಿತು.

ಒಂದು ಕಡೆ ನಮ್ಮ ಲೇಖನವೇ ಎಡವಿದೆ. ‘ನಕ್ಷೆ ಹಿಗ್ಗಿದಷ್ಟೂ ನೆನಪು ಗಟ್ಟಿ’ ಎಂದು ಬರೆದಿದ್ದೆವು. 2011ರಲ್ಲಿ ಕಿಲ್ಗಾರ್ಡ್ ತಂಡ ಕಂಡದ್ದೇ ಬೇರೆ: ಹಿಗ್ಗಿದ ನಕ್ಷೆಯಿಂದ ಇಲಿಗಳು ಬೇಗ ಕಲಿತವು, ಆದರೆ ಕೆಲವು ವಾರಗಳಲ್ಲಿ ನಕ್ಷೆ ಮೊದಲಿನಂತಾದರೂ ಸ್ವರ ಗುರುತಿಸುವ ಕೌಶಲ ಕುಂದಲಿಲ್ಲ. ಆ ವಾಕ್ಯವನ್ನು ಹಿಂತೆಗೆದುಕೊಳ್ಳುತ್ತೇವೆ.