ಓದುಗರ ಪ್ರಶ್ನೆ: ಸಿನೆವ್ ಊರಿನ ಬುಧವಾರದ ಸಂತೆ

ಪ್ರಶ್ನೆ: ಸ್ಪೇನಿನ ಮಯೋರ್ಕಾ ದ್ವೀಪಕ್ಕೆ ಕುಟುಂಬ ಸಮೇತ ಹೊರಟಿದ್ದೇವೆ, ಉಳಿಯುವುದು ಪಾಲ್ಮಾದಲ್ಲಿ. ಸಿನೆವ್ ಸಂತೆಗೆ ಯಾವಾಗ, ಹೇಗೆ ಹೋಗಬೇಕು?
– ದಾವಣಗೆರೆಯ ಓದುಗರು

ಉತ್ತರ: ಸಂತೆ ಬುಧವಾರ ಮಾತ್ರ. ದೊರೆ ಎರಡನೇ ಜೌಮೆ 1306ರಲ್ಲಿ ಅಪ್ಪಣೆ ಕೊಟ್ಟ ಈ ಸಂತೆಗೆ ಜೀವ ತುಂಬುವುದು ಕುರಿ, ಕೋಳಿ, ಮೊಲಗಳ ವ್ಯಾಪಾರ. ಅದು ನಡೆಯುವುದು ಫೊಸ್ಸಾರ್ ಚೌಕದಲ್ಲಿ. ಮಕ್ಕಳಿದ್ದರೆ ಮೊದಲು ಅಲ್ಲಿಗೇ ಹೋಗಿ. ಬೆಳಿಗ್ಗೆ ಒಂಬತ್ತರೊಳಗೆ ಊರು ಸೇರಿದರೆ ಎಲ್ಲ ಸಿಗುತ್ತದೆ. ಹತ್ತರ ನಂತರ ಪ್ರವಾಸಿ ಬಸ್ಸುಗಳು ಬರುತ್ತವೆ, ಮಧ್ಯಾಹ್ನ ಒಂದರ ಹೊತ್ತಿಗೆ ಅಂಗಡಿ ಕಟ್ಟಲು ಶುರು.

ಕಾರಿಗಿಂತ ರೈಲು ಮೇಲು, ಸಂತೆಯ ದಿನ ಗಾಡಿ ನಿಲ್ಲಿಸಲು ಜಾಗ ಸಿಗುವುದು ಕಷ್ಟ. ಪಾಲ್ಮಾದ ಸ್ಪೇನ್ ಚೌಕದ ಕೆಳಗಿರುವ ನಿಲ್ದಾಣದಲ್ಲಿ ಮನಾಕೋರ್ ಕಡೆಯ ಟಿ3 ರೈಲು ಹತ್ತಿ, ಸುಮಾರು ಮುಕ್ಕಾಲು ಗಂಟೆಯ ದಾರಿ. ತಪ್ಪಾಗುವುದು ಇಲ್ಲೇ: ಟಿ1 ಇಂಕಾ ಊರಿಗೇ ನಿಲ್ಲುತ್ತದೆ, ಟಿ2 ಅದರಾಚೆ ಕವಲೊಡೆದು ಸಾ ಪೊಬ್ಲಾಕ್ಕೆ ತಿರುಗುತ್ತದೆ. ಮೂರೂ ಹೊರಡುವುದು ಒಂದೇ ನಿಲ್ದಾಣದಿಂದ. ಹತ್ತುವ ಮೊದಲು ಫಲಕದಲ್ಲಿ ಮನಾಕೋರ್ ಹೆಸರಿದೆಯೇ ನೋಡಿ. ಬುಧವಾರ ತಪ್ಪಿದರೆ ಗುರುವಾರ ಇಂಕಾದಲ್ಲೇ ದೊಡ್ಡ ಸಂತೆಯಿದೆ, ಚರ್ಮದ ಸಾಮಾನಿಗೆ ಹೆಸರಾದ ಊರದು.

ಪ್ರಶ್ನೆ: ನಾವು ಸಸ್ಯಾಹಾರಿಗಳು, ಮೊಟ್ಟೆ ತಿನ್ನುತ್ತೇವೆ. ಅಲ್ಲಿ ಏನು ತಿನ್ನಬಹುದು?
– ಶಿರಸಿಯ ಓದುಗರು

ಉತ್ತರ: ಮಾಂಸ ಕಣ್ಣಿಗೆ ಬೀಳದ ತಿಂಡಿಯಲ್ಲೂ ಹಂದಿಕೊಬ್ಬು ಇರುತ್ತದೆ, ಎಚ್ಚರ ಬೇಕಿರುವುದು ಅಲ್ಲೇ. ಸಕ್ಕರೆಪುಡಿ ಉದುರಿಸಿದ, ಸುರುಳಿ ಸುತ್ತಿದ ಎನ್ಸೈಮಾದಾ ನೋಡಲು ಸಿಹಿ ಬನ್ನಿನಂತಿದ್ದರೂ ಪದರಗಳ ನಡುವೆ ಸವರಿರುವುದು ಹಂದಿಕೊಬ್ಬು. ಅಸಲಿ ಎಂಬ ಮುದ್ರೆಯಿದ್ದರಂತೂ ಅದು ಇದ್ದೇ ಇರುತ್ತದೆ. ತರಕಾರಿ ಹರಡಿ ಬೇಯಿಸಿದ ಕೋಕಾ ಎಂಬ ಚಪ್ಪಟೆ ರೊಟ್ಟಿಯ ಹಿಟ್ಟಿಗೆ ಕೆಲವರು ಆಲಿವ್ ಎಣ್ಣೆ ಹಾಕಿದರೆ ಕೆಲವರು ಇದೇ ಕೊಬ್ಬು ಹಾಕುತ್ತಾರೆ. ಎಲೆಕೋಸು, ಬ್ರೆಡ್ ಹಾಕಿದ ‘ಸೋಪೆಸ್’ನಲ್ಲೂ ಹಂದಿಮಾಂಸ ಸಾಮಾನ್ಯ. ‘ಪೋರ್ತಾ ಸಾಈಂ?’ (ಹಂದಿಕೊಬ್ಬು ಇದೆಯೇ?) ಎಂದು ಕೇಳಿದರೆ ಉತ್ತರ ನೇರವಾಗಿಯೇ ಬರುತ್ತದೆ.

ನೆಮ್ಮದಿಯಿಂದ ತಿನ್ನಲು ಪಾ ಅಂಬ್ ಓಲಿ ಇದೆ. ಉಪ್ಪಿಲ್ಲದ ಕಂದು ಬ್ರೆಡ್ಡಿನ ಹೋಳಿನ ಮೇಲೆ ಅರ್ಧ ಕತ್ತರಿಸಿದ ರಾಮಲೆಟ್ ಟೊಮೆಟೊವನ್ನು ಸಿಪ್ಪೆ ಮಾತ್ರ ಕೈಯಲ್ಲಿ ಉಳಿಯುವಷ್ಟು ಉಜ್ಜಿ, ಆಲಿವ್ ಎಣ್ಣೆ ಸುರಿದು, ಉಪ್ಪು ಉದುರಿಸುತ್ತಾರೆ. ಹಂದಿಮಾಂಸ ಬೇಡ, ಚೀಸ್ ಸಾಕು ಎಂದು ಮೊದಲೇ ಹೇಳಿ. ಈ ಟೊಮೆಟೊವನ್ನು ದಾರಕ್ಕೆ ಪೋಣಿಸಿ ತೂಗುಹಾಕಿ ತಿಂಗಳುಗಟ್ಟಲೆ ಇಡುತ್ತಾರೆ, ಸಂತೆಯಲ್ಲಿ ಗೊಂಚಲುಗಳೇ ಕಾಣುತ್ತವೆ. ಬದನೆ, ಆಲೂಗಡ್ಡೆ, ಕೆಂಪು ದೊಣ್ಣೆಮೆಣಸನ್ನು ಬೇರೆ ಬೇರೆ ಕರಿದು ಪದರವಾಗಿ ಜೋಡಿಸಿ, ಟೊಮೆಟೊ ಸಾಸ್ ಸುರಿಯುವ ತುಂಬೆಟ್ ಕೂಡ ಒಳ್ಳೆಯದು. ಮೇಲೆ ಮೀನೋ ಮಾಂಸವೋ ಇಟ್ಟು ಬಡಿಸುವುದೂ ಇದೆ, ‘ತರಕಾರಿ ಮಾತ್ರ’ ಎನ್ನಿ. ಬಾದಾಮಿ ಪುಡಿಯ ಗಾತೊ ಕೇಕಿಗೆ ಮೈದಾ ಇಲ್ಲ, ಮೊಟ್ಟೆ ಮಾತ್ರ ಧಾರಾಳ.

ಪ್ರಶ್ನೆ: ಏನು ಕೊಳ್ಳಬಹುದು? ಚೌಕಾಸಿ ನಡೆಯುತ್ತದೆಯೇ?
– ಬೆಂಗಳೂರಿನ ಓದುಗರು

ಉತ್ತರ: ಹಣ್ಣು, ತರಕಾರಿ, ಚೀಸಿಗೆ ಚೌಕಾಸಿ ಇಲ್ಲ. ಹಣ್ಣನ್ನು ಹಿಚುಕಿ ನೋಡಬೇಡಿ, ಬೇಕಾದದ್ದನ್ನು ತೋರಿಸಿದರೆ ಅವರೇ ಆರಿಸಿ ತೂಗುತ್ತಾರೆ. ಸಾಲು ಕಾಣದಿದ್ದರೂ ಸರದಿ ಇರುತ್ತದೆ. ‘ಕಿಯೆನ್ ಎಸ್ ಎಲ್ ಉಲ್ತಿಮೊ?’ (ಕೊನೆಯವರು ಯಾರು?) ಎಂದು ಕೇಳಿ ಅವರ ಹಿಂದೆ ನಿಲ್ಲಿ. ಐದು, ಹತ್ತು ಯೂರೊ ನೋಟುಗಳಿರಲಿ.

ಆಲಿವ್ ಎಣ್ಣೆಯನ್ನು ಕಪ್ಪು ಗಾಜಿನ ಬಾಟಲಿ ಇಲ್ಲವೇ ಡಬ್ಬಿಯಲ್ಲೇ ಕೊಳ್ಳಿ, ಬೆಳಕು ತಗುಲಿದರೆ ಕಮಟುತ್ತದೆ. ‘ಓಲಿ ದೆ ಮಯೋರ್ಕಾ’ ಮುದ್ರೆಯಿದ್ದರೆ ದ್ವೀಪದ ಎಣ್ಣೆಯೇ. 100 ಮಿಲಿಲೀಟರ್ ಮೀರಿದ ಬಾಟಲಿ ವಿಮಾನದ ಕೈಚೀಲದಲ್ಲಿ ಒಯ್ಯಲಾಗದು, ಬಟ್ಟೆ ಸುತ್ತಿ ದೊಡ್ಡ ಪೆಟ್ಟಿಗೆಯಲ್ಲಿಡಿ. ಸೋಂಪಿನ ಜಾತಿಯ ಗಿಡದ ದಂಟು, ಮೆಣಸಿನಕಾಯಿಯೊಂದಿಗೆ ಉಪ್ಪುನೀರಿನಲ್ಲಿ ನೆನೆಸಿದ ಜಜ್ಜಿದ ಹಸಿರು ಆಲಿವ್ ತುಸು ಕಹಿ. ಅಂಗಡಿಯಲ್ಲೇ ಒಂದು ರುಚಿ ನೋಡಿ, ಹಿಡಿಸಿದರೆ ಅಂದಿಗೆ ಸಾಲುವಷ್ಟು, 200 ಗ್ರಾಂ, ಕೊಳ್ಳಿ.