‘ನಾವು ಮಾಡಿದೆವು’ ಅಂತ ಬರೆದರೆ ಸೀಟು ಸಿಗುತ್ತಾ?

ಪ್ರಶ್ನೆ: ನನಗೆ 25 ವರ್ಷ. ಮಂಡ್ಯ ಹತ್ತಿರದ ಹಳ್ಳಿಯವನು, ಅಪ್ಪ ಕಬ್ಬು ಬೆಳೆಯುತ್ತಾರೆ. ಏಳನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂ. ಮೈಸೂರಿನಲ್ಲಿ ಇಂಜಿನಿಯರಿಂಗ್, ಸಿಜಿಪಿಎ 8.1. ಎರಡೂವರೆ ವರ್ಷದಿಂದ ಬೆಂಗಳೂರಿನ ಕನ್ಸಲ್ಟಿಂಗ್ ಕಂಪನಿಯಲ್ಲಿದ್ದೇನೆ. ಎಂಬಿಎ ಪ್ರವೇಶ ಪರೀಕ್ಷೆ ಜಿಮ್ಯಾಟ್‌ನಲ್ಲಿ 655. ಬರುವ ಜನವರಿ ಹೊತ್ತಿಗೆ ಎಂಬಿಎ ಓದಲು ಅಮೆರಿಕದ ಹಾರ್ವರ್ಡ್, ಸ್ಟ್ಯಾನ್‌ಫರ್ಡ್, ಫ್ರಾನ್ಸ್‌ನ ಇನ್ಸಿಯಾಡ್‌ಗೆ ಅರ್ಜಿ ಹಾಕಬೇಕು ಅಂತಿದ್ದೇನೆ. ಎಷ್ಟು ಪರ್ಸೆಂಟ್ ಚಾನ್ಸ್ ಇದೆ? ನಾವು ಒಂದು ಸಕ್ಕರೆ ಕಾರ್ಖಾನೆಯ ಸಾಗಣೆ ಖರ್ಚು ಇಳಿಸಿದೆವು. ಅದರಲ್ಲಿ ನನ್ನದು ಏನೂ ಇಲ್ಲ, ಕನ್ನಡ ಬರುತ್ತೆ ಅಂತ ನನ್ನನ್ನು ಕಳಿಸಿದ್ದರು. ಮೂರು ರಾತ್ರಿ ಲಾರಿ ತೂಕ ಹಾಕುವ ವೇಬ್ರಿಡ್ಜ್ ಹತ್ತಿರ ಲಾರಿ ಡ್ರೈವರ್‌ಗಳ ಜೊತೆ ಕೂತು, ಗಾಡಿಗಳು ಯಾಕೆ ಅಷ್ಟು ಹೊತ್ತು ಸಾಲಲ್ಲಿ ನಿಲ್ಲುತ್ತವೆ ಅಂತ ಬರೆದುಕೊಂಡು ಬಂದೆ. ಆಮೇಲೆ ಟೋಕನ್ ಕೊಡುವ ಕ್ರಮ ಬದಲಾಯಿತು. ಇದನ್ನೆಲ್ಲ ಅರ್ಜಿಯಲ್ಲಿ ಬರೆಯೋದು ಬೇಡ ಅಲ್ವಾ?
– ಹೆಸರು ಬೇಡ, ಮಂಡ್ಯ

ಉತ್ತರ: ಬರೆಯಲೇಬೇಕು. ನಿಮ್ಮ ಇಡೀ ಪತ್ರದಲ್ಲಿ ನಾನು ಎರಡು ಸಲ ಓದಿದ್ದು ಅದೊಂದೇ ಭಾಗ.

ಪರ್ಸೆಂಟ್ ಲೆಕ್ಕ ಯಾರೂ ಕೊಡಲಾರರು, ಕೊಡುತ್ತೇನೆ ಅಂದವರಿಗೆ ದುಡ್ಡು ಕಟ್ಟಬೇಡಿ. ಹಾರ್ವರ್ಡ್‌ನಲ್ಲಿ ವರ್ಷಕ್ಕೆ ಸುಮಾರು 930 ಜನರನ್ನು ತೆಗೆದುಕೊಳ್ಳುತ್ತಾರೆ, ಸ್ಟ್ಯಾನ್‌ಫರ್ಡ್‌ನಲ್ಲಿ ಅದರ ಅರ್ಧಕ್ಕಿಂತ ಕಡಿಮೆ, ಮತ್ತು ಆ ಸೀಟುಗಳಿಗೆ ಇಡೀ ಪ್ರಪಂಚದಿಂದ ಸಾವಿರಾರು ಅರ್ಜಿ ಬರುತ್ತವೆ. ಭಾರತದಿಂದ ಹೋಗುವ ಅರ್ಜಿಗಳಲ್ಲಿ ಇಂಜಿನಿಯರ್ ಹುಡುಗರೇ ಜಾಸ್ತಿ. ಕನ್ಸಲ್ಟಿಂಗ್‌ನಿಂದ ಬರುವವರೂ ಕಡಿಮೆಯಲ್ಲ. ಅಂದರೆ ನಿಮಗೆ ಪೈಪೋಟಿ ಕೊಡುವವರು ನಿಮ್ಮ ಆಫೀಸಿನಲ್ಲೇ ನಿಮ್ಮ ಪಕ್ಕ ಕೂತಿರಬಹುದು. ಅವರ ಅರ್ಜಿಯಲ್ಲೂ ಇದೇ ಸಕ್ಕರೆ ಕಾರ್ಖಾನೆ ಇರುತ್ತದೆ, ಅವರೂ ‘ನಾವು ಖರ್ಚು ಇಳಿಸಿದೆವು’ ಅಂತಲೇ ಬರೆಯುತ್ತಾರೆ.

ನಮ್ಮ ಮನೆಗಳಲ್ಲಿ ‘ನಾನು ನಾನು ಅನ್ನಬೇಡ’ ಅಂತ ಹೇಳಿ ಬೆಳೆಸುತ್ತಾರೆ. ಒಳ್ಳೆಯ ಮಾತೇ. ಆದರೆ ಅರ್ಜಿ ಓದುವವರಿಗೆ ನಿಮ್ಮ ಟೀಮ್ ಬೇಕಾಗಿಲ್ಲ, ನೀವು ಬೇಕು. ಕಡಿದ ಕಬ್ಬು ಬಿಸಿಲಿಗೆ ನಿಂತರೆ ತೂಕ ಇಳಿಯುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ, ಆ ನಷ್ಟ ಯಾರ ಮನೆಗೆ ಬರುತ್ತದೆ ಅಂತ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದಕ್ಕೇ ನೀವು ಒಂದು ರಾತ್ರಿಗೆ ವಾಪಸ್ ಬರದೆ ಮೂರು ರಾತ್ರಿ ಕೂತಿರಿ ಅಂತ ನನಗೆ ಅನಿಸುತ್ತದೆ. ಹೌದಾದರೆ ಅದನ್ನೇ ಬರೆಯಿರಿ. ಏನು ಕೇಳಿದಿರಿ, ಡ್ರೈವರ್ ಏನು ಹೇಳಿದರು, ನಿಮ್ಮ ಮ್ಯಾನೇಜರ್ ಮೊದಲು ಒಪ್ಪಿದರಾ, ಒಪ್ಪದಿದ್ದರೆ ಹೇಗೆ ಒಪ್ಪಿಸಿದಿರಿ. ಕಾರ್ಖಾನೆಯ ಹೆಸರು ಮಾತ್ರ ಹಾಕಬೇಡಿ, ಗ್ರಾಹಕರ ಗುಟ್ಟು ಕಾಪಾಡುವುದು ನಿಮ್ಮ ಕೆಲಸದ ಮೊದಲ ನಿಯಮ. ಸ್ಟ್ಯಾನ್‌ಫರ್ಡ್ ಎಷ್ಟೋ ವರ್ಷಗಳಿಂದ ಒಂದು ಪ್ರಶ್ನೆಯನ್ನು ಕೇಳುತ್ತಲೇ ಬಂದಿದೆ: ನಿಮಗೆ ಎಲ್ಲಕ್ಕಿಂತ ಮುಖ್ಯವಾದದ್ದು ಯಾವುದು, ಯಾಕೆ? ಅದಕ್ಕೆ ಉತ್ತರ ಆ ವೇಬ್ರಿಡ್ಜ್ ಹತ್ತಿರ ಎಲ್ಲೋ ಇದೆ.

ಕನ್ನಡ ಮೀಡಿಯಂ ಮುಚ್ಚಿಡಬೇಡಿ. ಹಾಗಂತ ಅನುಕಂಪ ಬರುವ ಹಾಗೆ ಬರೆಯುವುದೂ ಬೇಡ. ಇದ್ದದ್ದು ಇದ್ದ ಹಾಗೆ ಒಂದು ಸಾಲು ಸಾಕು.

ಇನ್ನು ಅಂಕ. ಹೊಸ ಜಿಮ್ಯಾಟ್ 205ರಿಂದ 805ರವರೆಗೆ, ಹಳೆಯದರ ಜೊತೆ ನೇರವಾಗಿ ಹೋಲಿಸಲು ಬರುವುದಿಲ್ಲ. ಈಗಿನ 645 ಅಂದರೆ ಹಳೆಯ 700ಕ್ಕೆ ಹೆಚ್ಚುಕಡಿಮೆ ಸಮ. ನಿಮ್ಮ 655 ಕೆಟ್ಟ ಅಂಕವಲ್ಲ, ಆದರೆ ಹಾರ್ವರ್ಡ್, ಸ್ಟ್ಯಾನ್‌ಫರ್ಡ್‌ಗೆ ಸೇರುವವರ ಮಧ್ಯದ ಅಂಕ ಹಳೆಯ ಲೆಕ್ಕದಲ್ಲಿ 740ರ ಆಸುಪಾಸು ಇರುತ್ತದೆ. ಇನ್ನೊಂದು ಸಲ ಬರೆಯಿರಿ, 685 ಗುರಿ ಇಟ್ಟುಕೊಳ್ಳಿ. 16 ದಿನದ ಅಂತರ ಇದ್ದರೆ ಮತ್ತೆ ಬರೆಯಬಹುದು, ಆದರೆ ನೀವು ಎರಡು ಮೂರು ತಿಂಗಳು ಓದಿ ಬರೆಯಿರಿ. ಸಿಜಿಪಿಎಯನ್ನು ಅಮೆರಿಕದ ಲೆಕ್ಕಕ್ಕೆ ನೀವೇ ಬದಲಾಯಿಸಬೇಡಿ.

ಜನವರಿ ಬಿಡಿ ಅನ್ನುತ್ತೇನೆ. ನಿಮಗೆ ಬೇಜಾರಾಗಬಹುದು. ಹಾರ್ವರ್ಡ್‌ಗೆ ಸೇರುವವರಿಗೆ ಸರಾಸರಿ ಐದು ವರ್ಷದ ಅನುಭವ ಇರುತ್ತದೆ, ಹಾಗಾಗಿ 25ಕ್ಕೆ ಏನೂ ತಡವಾಗಿಲ್ಲ. ಮುಂದಿನ ಸೆಪ್ಟೆಂಬರ್ ರೌಂಡ್‌ಗೆ ಹಾಕಿ. ಅಷ್ಟರಲ್ಲಿ ಒಂದು ಕೆಲಸವನ್ನು ಶುರುವಿನಿಂದ ಕೊನೆವರೆಗೆ ನಿಮ್ಮ ಜವಾಬ್ದಾರಿಗೇ ಕೊಡಿ ಅಂತ ಆಫೀಸಿನಲ್ಲಿ ಕೇಳಿ. ಶಿಫಾರಸು ಪತ್ರ ದೊಡ್ಡ ಪಾರ್ಟ್‌ನರ್‌ನಿಂದ ಬೇಡ, ಆ ಮೂರು ರಾತ್ರಿಯ ವಿಷಯ ಗೊತ್ತಿರುವ ಮ್ಯಾನೇಜರ್‌ನಿಂದ ಬರೆಸಿ. ಜೊತೆಗೆ ನಮ್ಮ ದೇಶದ್ದೇ ಆದ ಐಎಸ್‌ಬಿಗೂ (ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್) ಹಾಕಿ. ಹೈದರಾಬಾದ್, ಮೊಹಾಲಿ ಎರಡೂ ಕಡೆ ಒಂದೇ ವರ್ಷದ ಕೋರ್ಸ್, 24 ತಿಂಗಳ ಅನುಭವ ಸಾಕು, ಅದು ನಿಮಗೆ ಆಗಲೇ ಇದೆ. ಇನ್ಸಿಯಾಡ್ ಕೂಡ ಹತ್ತೇ ತಿಂಗಳು. ಎರಡು ವರ್ಷ ಸಂಬಳ ಬಿಟ್ಟಿರುವುದು ನಿಮ್ಮ ಮನೆಗೆ ಕಷ್ಟವಾದರೆ, ನಾನು ಹಾರ್ವರ್ಡ್‌ಗಿಂತ ಮೊದಲು ಈ ಚಿಕ್ಕ ಕೋರ್ಸ್‌ಗಳನ್ನೇ ನೋಡುತ್ತಿದ್ದೆ.

ಪ್ರಶ್ನೆ: ಮಗಳು ಇಂಥದ್ದೇ ಕಾಲೇಜಿಗೆ ಪ್ರಯತ್ನ ಮಾಡುತ್ತಿದ್ದಾಳೆ. ಮೈಸೂರಿನ ಮನೆ ಪತ್ರ ಅಡ ಇಡಬೇಕಾಗುತ್ತಾ?
– ಒಬ್ಬ ತಾಯಿ, ಸರಸ್ವತಿಪುರಂ

ಉತ್ತರ: ಈಗಲೇ ಇಡಬೇಡಿ. ಸೀಟು ಸಿಕ್ಕ ಮೇಲೆ ಮೊದಲು ಕಾಲೇಜಿನಿಂದಲೇ ಸ್ಕಾಲರ್‌ಶಿಪ್ ಕೇಳಿ. ಹಾರ್ವರ್ಡ್ ಕೊಡುವುದೇ ಮನೆಯ ಆರ್ಥಿಕ ಪರಿಸ್ಥಿತಿ ನೋಡಿ, ಅಂಕ ನೋಡಿ ಅಲ್ಲ. ಇಂಥ ಕಾಲೇಜುಗಳ ಮಕ್ಕಳಿಗೆ ಆಸ್ತಿ ಅಡ ಇಲ್ಲದೆ ಸಾಲ ಕೊಡುವವರೂ ಇದ್ದಾರೆ, ಬಡ್ಡಿ ಸ್ವಲ್ಪ ಜಾಸ್ತಿ, ಎರಡು ಮೂರು ಕಡೆ ವಿಚಾರಿಸಿ. ಮಗಳು ಕನ್ಸಲ್ಟಿಂಗ್ ಕಂಪನಿಯಲ್ಲಿದ್ದರೆ ಇನ್ನೊಂದು ದಾರಿ ಇದೆ. ಕೆಲವು ದೊಡ್ಡ ಕಂಪನಿಗಳು ಫೀಸು ತಾವೇ ಕಟ್ಟುತ್ತವೆ, ಓದು ಮುಗಿದ ಮೇಲೆ ವಾಪಸ್ ಬಂದು ಸಾಮಾನ್ಯವಾಗಿ ಎರಡು ವರ್ಷ ಅಲ್ಲೇ ಕೆಲಸ ಮಾಡಬೇಕು. ಆ ಒಪ್ಪಂದಕ್ಕೆ ಸಹಿ ಹಾಕುವ ಮೊದಲು, ಮಧ್ಯದಲ್ಲಿ ಬಿಟ್ಟರೆ ಎಷ್ಟು ಕಟ್ಟಬೇಕು ಅನ್ನುವ ಸಾಲನ್ನು ಇಬ್ಬರೂ ಕೂತು ಓದಿ.